ಬಾಣಂತಿ ದೆವ್ವದ ಸಿನಿಮಾ

ಕತಾರಿನ ಅಲ್ ವಕ್ರಾದಲ್ಲಿ ನಮ್ಮ ಫ್ಲ್ಯಾಟಿನ ಎದುರುಮನೆಯಲ್ಲಿರುವ ಮಲೇಷ್ಯಾದ ಹೆಂಗಸಿಗೆ ಅವರ ಊರಿನ ಹಳೆಯ ಕಪ್ಪುಬಿಳುಪು ದೆವ್ವದ ಸಿನಿಮಾಗಳ ಹುಚ್ಚು. ಶುಕ್ರವಾರ ಮಧ್ಯಾಹ್ನ ಊಟ ಮುಗಿದರೆ ಸಾಕು, "ಸಿಸ್ಟರ್, ಯಲ್ಲಾ!" ಎಂದು ಅರಬಿಯಲ್ಲಿ ಅವಸರಪಡಿಸುತ್ತಾ ಬಾಗಿಲು ಬಡಿಯುತ್ತಾಳೆ. ಹೆರಿಗೆಯಲ್ಲಿ ಸತ್ತವಳು ಅವರ ಕಡೆ ಪೊಂತಿಯಾನಾಕ್ ಎಂಬ ದೆವ್ವವಾಗುತ್ತಾಳಂತೆ. ವಾಸ ಬಾಳೆಗಿಡದಲ್ಲಿ. ಕತ್ತಿನ ಹಿಂದೆ ಮೊಳೆ ಹೊಡೆದರೆ ತೆಪ್ಪಗೆ ಮನುಷ್ಯಳಾಗಿ ಅಡುಗೆ ಮಾಡಿಕೊಂಡಿರುತ್ತಾಳೆ, ಕಿತ್ತರೆ ಮತ್ತೆ ದೆವ್ವ.

ಒಂದು ಶುಕ್ರವಾರದ ಸಿನಿಮಾದಲ್ಲಿ ಪೊಂತಿಯಾನಾಕ್ ತನ್ನ ಮಗುವಿನ ತೊಟ್ಟಿಲು ಹುಡುಕಿಕೊಂಡು ಬಂದಳು. ಊರ ಗಂಡಸರೆಲ್ಲ ಸೇರಿ ಹಿಡಿದು ಮೊಳೆ ಹೊಡೆದರು. ನನಗೆ ತಡೆಯಲಾಗಲಿಲ್ಲ. "ಬಿಡಿ ಮಾರಾಯ್ರೆ ಅವಳನ್ನ! ಮಗು ನೋಡ್ಲಿಕ್ಕೆ ಬಂದದ್ದಲ್ವಾ?" ಎಂದು ಕನ್ನಡದಲ್ಲೇ ಕೂಗಿಬಿಟ್ಟೆ. ಗೆಳತಿ ಮೊದಲು ನಕ್ಕಳು. ಆಮೇಲೆ ನನ್ನ ಮುಖ ನೋಡಿ ಟಿವಿ ನಿಲ್ಲಿಸಿದಳು.

ನನ್ನನ್ನು ಹೆತ್ತ ದಿನವೇ ಅಮ್ಮ ತೀರಿಕೊಂಡಳು. ಬಾಣಂತಿ ಸತ್ತರೆ ಮಗುವನ್ನು ಕರೆದೊಯ್ಯಲು ಬರುತ್ತಾಳೆಂದು ಅಜ್ಜಿ ಸುಡುಗಾಡಿನಿಂದ ಹೊಸಿಲವರೆಗೆ ಸಾಸಿವೆ ಚೆಲ್ಲಿಸಿದರಂತೆ. ಅಷ್ಟನ್ನೂ ಹೆಕ್ಕಿ ಮುಗಿಸದೆ ಅವಳು ಒಳಗೆ ಬರುವ ಹಾಗಿಲ್ಲ. ಊರಲ್ಲಿ ಪ್ರತಿವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ಮನೆಯ ಸತ್ತವರಿಗೆಲ್ಲ ಎಲೆ ಹಾಕಿ ಬಡಿಸುವಾಗಲೂ ಅಮ್ಮನಿಗೆ ಮಾತ್ರ ಎಲೆಯಿಲ್ಲ. ನನ್ನನ್ನು ಉಳಿಸಿಕೊಳ್ಳಲಿಕ್ಕೇ ಅಜ್ಜಿ ಹಾಗೆ ಮಾಡಿದ್ದು, ಗೊತ್ತು. ಆದರೂ ಸಿಟ್ಟು ಬರುತ್ತದೆ. ಒಂದೇ ಒಂದು ಸಲ ಬರಲಿಕ್ಕೆ ಬಿಡಬಹುದಿತ್ತು. ಅವಳದೊಂದು ಫೋಟೋ ಕೂಡ ನನ್ನ ಹತ್ತಿರ ಇಲ್ಲ.

ಈ ಆಟಿಯಲ್ಲಿ ಮಲಯಾಳಿ ಅಂಗಡಿಯಿಂದ ಬಾಳೆಲೆ ತಂದೆ. ನೀರುದೋಸೆ, ಕೋಳಿಸಾರು ಮಾಡಿ, ಅಮ್ಮನಿಗೆಂದು ಒಂದೇ ಎಲೆ ಹಾಕಿ ಬಡಿಸಿದೆ. ಕೋಣೆಯ ಬಾಗಿಲು ಮುಚ್ಚಿ ನಾನೂ ಗಂಡನೂ ಹೊರಗೆ ಕೂತೆವು. ನಮ್ಮ ಮನೆಯಲ್ಲಿ ತೆರೆಯುವ ಮೊದಲು ಬಾಗಿಲು ತಟ್ಟುವ ಕ್ರಮ. ಉಂಡವರು ಎದ್ದು ಹೋಗಲಿ ಎಂದು ಅದು.

"ಸಾಕು ಮಾರಾಯ್ತಿ, ತಟ್ಟು," ಎಂದರು ಗಂಡ.

ಕೈ ಎತ್ತಿದೆ. ತಟ್ಟಲು ಮನಸ್ಸು ಬರಲಿಲ್ಲ.

"ಎಂತ ಮಾಡ್ತಿದ್ದಿ? ತಟ್ಟದೆ ತೆಗಿಬಾರ್ದು!" ಅನ್ನುವಷ್ಟರಲ್ಲಿ ತೆರೆದುಬಿಟ್ಟೆ. ಏಸಿಯ ಸದ್ದು, ಆರಿದ ಕೋಳಿಸಾರು. ಎಲೆಯ ಮುಂದೆ ಯಾರೂ ಇರಲಿಲ್ಲ. ಆದರೂ ಹೊಸಿಲಲ್ಲೇ ನಿಂತು "ಅಮ್ಮಾ" ಎಂದು ಕರೆದೆ. ನಲವತ್ತೆರಡು ವರ್ಷದಲ್ಲಿ ನಾನು ಹಾಗೆ ಕೂಗಿ ಕರೆದದ್ದು ಅದೇ ಮೊದಲು.