ಕೋರ್ಟಿನ ಕ್ಯಾಮೆರಾ ನೋಡಿಕೊಳ್ಳುವ ಗಾಬರಿ

ನಮ್ಮ ಕೋರ್ಟಿನಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎದುರಿಗೆ 'ಕ್ಯಾಮೆರಾದವರು', ಬೆನ್ನ ಹಿಂದೆ 'ಗಾಬರಿ'. ಆ ಹೆಸರಿಟ್ಟವನು ನಾನೇ. ಇಪ್ಪತ್ತಾರು ವರ್ಷದಿಂದ ಸಾಕ್ಷಿಗಳ ಹೇಳಿಕೆಯನ್ನು ಟೈಪು ಮಾಡಿ ಮಾಡಿ ಬೆರಳು ಸವೆಸಿಕೊಂಡಿದ್ದೇನೆ, ಒಬ್ಬಳಿಗೆ ಅಡ್ಡಹೆಸರಿಡುವಷ್ಟು ಹಕ್ಕಾದರೂ ಇರಬೇಡವೇ ಎಂದು ಆಗ ಅಂದುಕೊಂಡಿದ್ದೆ.

ಹಗ್ಗ ಕಂಡರೆ ಹಾವೆನ್ನುವ ಹೆಣ್ಣು. ಬಸ್ ಸ್ಟಾಪಿನವರೆಗೆ ಬಂದು, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮನೆಗೆ ವಾಪಸು ಓಡುತ್ತಾಳೆ. ಲಿಫ್ಟ್ ಹತ್ತುವುದಿಲ್ಲ. ಯಾರಾದರೂ ಜೋರಾಗಿ ಬಾಗಿಲು ಹಾಕಿದರೆ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗೆ ಬೀಳುತ್ತದೆ. ಅವಳ ಗಂಡ ದರ್ಜಿ. ಒಮ್ಮೆ ನನ್ನ ಪ್ಯಾಂಟಿನ ಅಳತೆ ತೆಗೆದುಕೊಳ್ಳುತ್ತಾ, "ಇವಳ ಎದೆ ಹೊಡ್ಕೊಳ್ಳೋ ಸದ್ದಿಗೆ ನನ್ನ ಹೊಲಿಗೆ ಮಿಷನ್ನೇ ತಾಳ ತಪ್ಪುತ್ತೆ ಸರ್," ಎಂದಿದ್ದ. ನಕ್ಕು ನಕ್ಕು ನನ್ನ ಸೊಂಟದ ಅಳತೆ ಎರಡು ಇಂಚು ತಪ್ಪಾಯಿತು.

ನಮ್ಮಲ್ಲಿ ನಾಲ್ಕು ಕೋರ್ಟು ಹಾಲುಗಳಿವೆ. ದೂರದೂರಿನ ಡಾಕ್ಟರು, ಜೈಲಿನಲ್ಲಿರುವ ಕೈದಿ, ಹಾಸಿಗೆ ಬಿಟ್ಟೇಳಲಾಗದ ಮುದುಕ, ಇವರೆಲ್ಲ ಈಗ ವಿಡಿಯೋದಲ್ಲೇ ಹಾಜರಾಗುತ್ತಾರೆ. ಆ ಕ್ಯಾಮೆರಾಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಬೆಳಿಗ್ಗೆ ಎಂಟೂವರೆಗೆ, ಕಸ ಗುಡಿಸುವವಳಿಗಿಂತ ಮುಂಚೆ ಬಂದು ಒಂದೊಂದನ್ನೇ ಆನ್ ಮಾಡುತ್ತಾಳೆ. ಕ್ಯಾಮೆರಾ ಎದ್ದ ಕೂಡಲೇ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಕತ್ತು ತಿರುಗಿಸಿ, ಮೇಲೆ ಕೆಳಗೆ ನೋಡಿ, ನೆಟ್ಟಗೆ ನಿಲ್ಲುತ್ತದೆ. ಆಗ ಕೆಂಪು ದೀಪ ಹಸಿರಾಗಬೇಕು. ಹಸಿರಾಗುವ ತನಕ ಇವಳು ಉಸಿರು ಬಿಡುವುದಿಲ್ಲ.

ಈ ಭಯಕ್ಕೆ ಕಾರಣವಿದೆ ಎಂದು ನನಗೆ ತಡವಾಗಿ ತಿಳಿಯಿತು. ಕ್ಯಾಮೆರಾದ ಒಳಗೆ ಅದನ್ನು ಎಬ್ಬಿಸಿ ನಡೆಸುವ ಒಂದು ಪ್ರೋಗ್ರಾಂ ಇರುತ್ತದೆ. ಅವರ ಮಾತಿನಲ್ಲಿ ಫರ್ಮ್‌ವೇರ್. ಆಗಾಗ ಹಳೆಯದನ್ನು ಅಳಿಸಿ ಹೊಸದನ್ನು ಬರೆಯಬೇಕು. ಬರೆಯುವಾಗ ಕರೆಂಟು ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಮೊದಲ ಕೆಲಸದಲ್ಲಿ ಇವಳು ಹಾಗೆ ನಡುವೆ ವೈರು ಕಿತ್ತಿದ್ದಳಂತೆ. ಕ್ಯಾಮೆರಾ ಕಲ್ಲಾಯಿತು, ಇಪ್ಪತ್ತು ಜನರ ಎದುರು ಬೈಸಿಕೊಂಡು ಕೆಲಸ ಕಳೆದುಕೊಂಡಳು. ಒಮ್ಮೆ ಕೈ ಸುಟ್ಟುಕೊಂಡವಳು, ಇಲ್ಲಿಗೆ ಬಂದ ಮೊದಲ ವಾರದಲ್ಲೇ ಎಲ್ಲ ಪ್ಲಗ್ಗುಗಳ ಮೇಲೂ 'ಮುಟ್ಟಬೇಡಿ' ಎಂದು ಚೀಟಿ ಅಂಟಿಸಿದಳು. ಕ್ಯಾಮೆರಾಕ್ಕೂ ಮುಟ್ಟಬೇಡಿ, ಫ್ಯಾನಿಗೂ ಮುಟ್ಟಬೇಡಿ, ನೀರು ಕಾಯಿಸುವ ಕೆಟಲಿಗೂ ಮುಟ್ಟಬೇಡಿ. ಎಲ್ಲದರ ಮೇಲೂ ಬರೆದರೆ ಯಾವನು ಓದುತ್ತಾನೆ?

ನಾನಂತೂ ಓದಲಿಲ್ಲ.

ಅವತ್ತು ನಮ್ಮ ಮೂರನೇ ಕೋರ್ಟಿನಲ್ಲಿ ಮಧ್ಯಾಹ್ನ ಎರಡೂವರೆಗೆ ಒಂಬತ್ತು ವರ್ಷದ ಹುಡುಗಿಯ ಸಾಕ್ಷಿ ಇತ್ತು. ತಾಯಿಯ ಸಾವನ್ನು ಕಣ್ಣಾರೆ ಕಂಡವಳು ಅವಳೊಬ್ಬಳೇ. ಆರೋಪಿ ಅವಳ ಚಿಕ್ಕಪ್ಪ. ಜಾಮೀನಿನ ಮೇಲೆ ಹೊರಗಿದ್ದ. ತಲೆ ನೀಟಾಗಿ ಬಾಚಿಕೊಂಡು, ಕೈಕಟ್ಟಿಕೊಂಡು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಹುಡುಗಿ ಅವನ ಮುಖ ನೋಡುವಂತಾಗಬಾರದೆಂದು ನ್ಯಾಯಾಧೀಶರು ಆದೇಶ ಮಾಡಿದ್ದರು. ಅವಳು ಕಾರಿಡಾರಿನ ತುದಿಯ ಸಣ್ಣ ಕೋಣೆಯಲ್ಲಿ, ಮೇಲೊಂದು ಪುಟ್ಟ ಕ್ಯಾಮೆರಾ ಕೂರಿಸಿದ ಟಿವಿ ಮುಂದೆ ಕೂರಬೇಕು, ಟಿವಿಯಲ್ಲಿ ನ್ಯಾಯಾಧೀಶರು ಮಾತ್ರ ಕಾಣಬೇಕು. ಅವಳು ಕಾಣುವ ಪರದೆ ನ್ಯಾಯಾಧೀಶರ, ವಕೀಲರ ಮತ್ತು ನನ್ನ ಕಡೆಗಿತ್ತು. ಅವನಿಗೆ ದನಿ ಮಾತ್ರ.

ಈಗಾಗಲೇ ಎರಡು ಸಲ ಮುಂದಕ್ಕೆ ಹೋಗಿದ್ದ ಸಾಕ್ಷಿ ಅದು. ಬೆಳಿಗ್ಗೆ ಹುಡುಗಿಯ ಅಜ್ಜಿ ನನ್ನ ಮೇಜಿನ ಹತ್ತಿರ ಬಂದು, "ಇವತ್ತೂ ಆಗಲ್ಲ ಅಂದ್ರೆ ನಾನಿವಳನ್ನ ಮತ್ತೆ ಕರ್ಕೊಂಡು ಬರಲ್ಲಪ್ಪ. ತಾರೀಖು ಹತ್ರ ಬಂದ್ರೆ ಮೂರು ದಿನ ಊಟ ಬಿಡ್ತಾಳೆ, ಮಾತು ಬಿಡ್ತಾಳೆ. ನನಗೆ ಉಳಿದಿರೋದು ಇವಳೊಬ್ಬಳು," ಎಂದರು. ಅವಳು ಬರದಿದ್ದರೆ ಬೇರೆ ಸಾಕ್ಷಿಯಿಲ್ಲ. ಅವನು ಆರಾಮಾಗಿ ಮನೆಗೆ ಹೋಗುತ್ತಾನೆ.

ಅವತ್ತೇ ಮೇಲಿನ ಕಚೇರಿಯಿಂದ ಆರ್ಡರು ಬಂತು. ಮಧ್ಯಾಹ್ನ ಎರಡು ಗಂಟೆಯೊಳಗೆ ಎಲ್ಲ ಕ್ಯಾಮೆರಾಗಳಿಗೂ ಹೊಸ ಪ್ರೋಗ್ರಾಂ ಹಾಕಬೇಕು, ಇಲ್ಲದಿದ್ದರೆ ವಿಡಿಯೋ ಸಂಪರ್ಕ ಕೊಡುವುದಿಲ್ಲ. "ನಾಳೆ ಮಾಡ್ತೀನಿ, ಇವತ್ತು ಆ ಮಗು ಇದೆ ಅಂತ ಬೇಡ್ಕೊಂಡೆ ಅಣ್ಣ. ಆಗಲ್ಲ ಅಂದ್ರು," ಎಂದು ಹೇಳುವಾಗಲೇ ಗಾಬರಿಯ ತುಟಿ ಒಣಗಿತ್ತು. ಊಟದ ವಿರಾಮದಲ್ಲಿ ನಮ್ಮ ಕೋರ್ಟಿನ ಕ್ಯಾಮೆರಾಕ್ಕೆ ಅಪ್‌ಡೇಟ್ ಶುರು ಮಾಡಿ, ನಾಲ್ಕನೆಯದಕ್ಕೂ ಹಾಕಲು ಹೋದಳು.

ನಾನು ಊಟ ಮುಗಿಸಿ ಬಂದೆ. ಮನೆಯಿಂದ ಫೋನು ಬರುವುದಿತ್ತು, ನನ್ನ ಮೊಬೈಲು ಸಾಯುವ ಸ್ಥಿತಿಯಲ್ಲಿತ್ತು. ಮೇಜಿನ ಹಿಂದಿನ ಸಾಕೆಟ್ಟಿನಲ್ಲಿ ಎಂದಿನಂತೆ ಒಂದು ಕಪ್ಪು ಅಡಾಪ್ಟರು, ಅದರ ಮೇಲೆ ಎಂದಿನಂತೆ ಒಂದು ಚೀಟಿ. ಕಿತ್ತು ಪಕ್ಕಕ್ಕಿಟ್ಟು, ನನ್ನ ಚಾರ್ಜರು ಸಿಕ್ಕಿಸಿದೆ. ತಲೆಯ ಮೇಲಿನ ಗೋಡೆಯಲ್ಲಿ ಕ್ಯಾಮೆರಾದ ದೀಪ ಆರಿದ್ದನ್ನು ನೋಡಲೇ ಇಲ್ಲ.

ಒಂದೂ ಮುಕ್ಕಾಲಿಗೆ ಅವಳು ಒಳಗೆ ಬಂದಳು. ಕ್ಯಾಮೆರಾ ನೋಡಿದಳು, ವೈರಿನ ಜಾಡು ಹಿಡಿದು ಕೆಳಗೆ ನೋಡಿದಳು, ನನ್ನ ಮೇಜಿನ ಹಿಂದೆ ಬಗ್ಗಿದಳು.

"ಅಣ್ಣ, ಈ ಚಾರ್ಜರ್ ನಿಮ್ದಾ?"

"ಹೌದಮ್ಮ. ಯಾಕೆ?"

ಅವಳು ಬೈದಿದ್ದರೆ ಚೆನ್ನಾಗಿತ್ತು. ನನ್ನ ಚಾರ್ಜರನ್ನು ಮೆಲ್ಲಗೆ ತೆಗೆದು ನನ್ನ ಕೈಗೇ ಕೊಟ್ಟು, ಕಪ್ಪು ಅಡಾಪ್ಟರನ್ನು ಸಿಕ್ಕಿಸಿದಳು. ಕ್ಯಾಮೆರಾ ಎಡಕ್ಕೆ ಅರ್ಧ ತಿರುಗಿ ನಿಂತಿತು. ದೀಪ ಕೆಂಪಾಗಿ ಮಿಟುಕಿತು, ಆರಿತು. ಮತ್ತೆ ಅರ್ಧ ತಿರುಗಿತು, ಮಿಟುಕಿತು, ಆರಿತು.

"ಏಳುತ್ತಾ?" ಎಂದೆ.

"ಗೊತ್ತಿಲ್ಲ ಅಣ್ಣ."

ಮೇಜಿನ ಮೇಲೆ ಕುರ್ಚಿಯಿಟ್ಟು ಹತ್ತಿದಳು. ಕುರ್ಚಿ ಅಲ್ಲಾಡುತ್ತಿತ್ತೋ ಅವಳೇ ನಡುಗುತ್ತಿದ್ದಳೋ, ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಕ್ಯಾಮೆರಾದ ತಳದಲ್ಲೊಂದು ಸೂಜಿ ಹೋಗುವಷ್ಟು ತೂತು. ಪಿನ್ನು ಒತ್ತಿ ಹಿಡಿದು, ನನ್ನಿಂದ ಸ್ವಿಚ್ಚು ಹಾಕಿಸಿ, ಹತ್ತರವರೆಗೆ ಎಣಿಸಿದಳು. ದೀಪ ಕಿತ್ತಳೆ ಬಣ್ಣಕ್ಕೆ ಬಂತು. "ಪೂರ್ತಿ ಸತ್ತಿಲ್ಲ," ಎಂದಳು. ಪೆನ್‌ಡ್ರೈವ್ ಸಿಕ್ಕಿಸಿದಳು. ಏನೂ ಆಗಲಿಲ್ಲ. ಅವಳ ಚೀಲದಲ್ಲಿ ಯಾವಾಗಲೂ ಮೂರು ಪೆನ್‌ಡ್ರೈವ್ ಇರುತ್ತವೆ, ಮೂರರಲ್ಲೂ ಪ್ರೋಗ್ರಾಂನ ಅದದೇ ಪ್ರತಿ. ಮದುವೆಗೆ ಮೂವರು ಅಡುಗೆಯವರನ್ನು ಗೊತ್ತು ಮಾಡಿದ ಹಾಗೆ ಎಂದು ನಾನು ಹಿಂದೊಮ್ಮೆ ಆಡಿಕೊಂಡಿದ್ದೆ. ಎರಡನೆಯದನ್ನೂ ಕ್ಯಾಮೆರಾ ಗುರುತಿಸಲಿಲ್ಲ. ಮೂರನೆಯದಕ್ಕೆ ಕಿತ್ತಳೆ ದೀಪ ಬೇಗ ಬೇಗ ಮಿಟುಕತೊಡಗಿತು.

"ಬರೀತಾ ಇದೆ. ಇಪ್ಪತ್ತು ನಿಮಿಷ. ಯಾರೂ ಏನೂ ಮುಟ್ಟಬಾರದು."

ಆಗ ಎರಡು ಗಂಟೆ ಐದು ನಿಮಿಷ. ಗಡುವು ದಾಟಿದ್ದಕ್ಕೆ ಫೋನಿನಲ್ಲಿ ಬೈಸಿಕೊಂಡು, ಅರ್ಧ ಗಂಟೆ ಹೆಚ್ಚಿಗೆ ಬೇಡಿ ಪಡೆದಳು. ಕೋರ್ಟು ತುಂಬುತ್ತಾ ಬಂತು. ಆರೋಪಿಯೂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತ, ಮಿಟುಕುವ ದೀಪವನ್ನೇ ನೋಡುತ್ತಿದ್ದ. ಎರಡೂಕಾಲಿಗೆ ನಮ್ಮ ಶಿರಸ್ತೇದಾರರು ಬಂದರು. "ಇನ್ನೂ ಆಗಿಲ್ವಾ? ಒಂದ್ಸಲ ಆಫ್ ಮಾಡಿ ಆನ್ ಮಾಡಮ್ಮ. ನಮ್ಮನೆ ಟಿವಿ ಹಂಗೇ ಸರಿ ಹೋಗೋದು," ಎಂದು ಸ್ವಿಚ್ಚಿಗೆ ಕೈ ಹಾಕಲು ಬಂದರು. ಗಾಬರಿ ಸ್ವಿಚ್‌ಬೋರ್ಡಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು.

"ಮುಟ್ಟಿದ್ರೆ ಸತ್ತೋಗುತ್ತೆ ಸರ್."

"ಆಗದಿದ್ರೆ ಹುಡುಗೀನ ಇಲ್ಲಿಗೇ ಕರೆಸ್ತೀನಿ. ಐದು ನಿಮಿಷದ ಕೆಲಸ. ಎಷ್ಟು ಸಲ ಅಂತ ಮುಂದಕ್ಕೆ ಹಾಕೋದು?"

ಅವಳು ಜಾಗ ಬಿಡಲಿಲ್ಲ. ತಪ್ಪು ಮಾಡಿದವನು ನಾನು, ಬಾಯಿಗೆ ಬೀಗ ಹಾಕಿಕೊಂಡು ಕುಳಿತವನೂ ನಾನೇ. ಹೇಳಲು ನನಗೂ ಭಯವಾಗಿತ್ತು.

ಎರಡು ಇಪ್ಪತ್ತಾರಕ್ಕೆ ಕ್ಯಾಮೆರಾ ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿ, ಮೇಲೆ ಕೆಳಗೆ ನೋಡಿ, ನೆಟ್ಟಗೆ ನಿಂತಿತು. ಹಸಿರು. ಆದರೆ ಹೊಸದಾಗಿ ಎದ್ದ ಕ್ಯಾಮೆರಾಕ್ಕೆ ಹಳೆಯ ನೆನಪೊಂದೂ ಇರಲಿಲ್ಲ. ನ್ಯಾಯಾಧೀಶರ ಕುರ್ಚಿ ಎಲ್ಲಿದೆಯೆಂದು ಮತ್ತೆ ಹೇಳಿಕೊಡಬೇಕು. ರಿಮೋಟಿನಿಂದ ಅಳೆದು ತೂಗಿ ಅದನ್ನು ಕುರ್ಚಿಯತ್ತ ತಿರುಗಿಸಿ ನಿಲ್ಲಿಸಿದಳು. "ಬೇಗ, ಬೇಗ," ಎಂದು ಶಿರಸ್ತೇದಾರರು ಬೆನ್ನು ಹತ್ತಿದ್ದರು. ಅಲ್ಲಿ ಹುಡುಗಿಯ ಜೊತೆ ಅಜ್ಜಿ ಒಬ್ಬರೇ, ಟಿವಿ ಹಾಕಿಕೊಡುವವರಿಲ್ಲವೆಂದು ಅವಳು ಸಣ್ಣ ಕೋಣೆಗೆ ಓಡಿದಳು. ಹೊಸ ಪ್ರೋಗ್ರಾಂನಲ್ಲಿ ಹಳೆಯದರಲ್ಲಿಲ್ಲದ ಒಂದು ಜಾಣತನ ಸೇರಿತ್ತು: ಯಾರ ಸದ್ದು ಕೇಳಿದರೆ ಅವರ ಕಡೆ ತಾನೇ ತಿರುಗುವುದು. ಅದನ್ನು ಆಫ್ ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ.

ಸಾಕ್ಷಿ ಶುರುವಾಯಿತು. ಪರದೆಯಲ್ಲಿ ಪುಟ್ಟ ಮುಖ, ಮೂಲೆಯ ಸಣ್ಣ ಚೌಕದಲ್ಲಿ ಅವಳಿಗೆ ಕಾಣುತ್ತಿರುವ ನ್ಯಾಯಾಧೀಶರು. ಅವರು ಮೆತ್ತಗೆ, ಶಾಲೆಯ ಬಗ್ಗೆ, ಗೆಳತಿಯರ ಬಗ್ಗೆ ಕೇಳಿದರು. ಹುಡುಗಿ ಒಂದೊಂದೇ ಮಾತು ಆಡಿದಳು. ಆಮೇಲೆ ಆ ದಿನದ ವಿಷಯ ಬಂತು.

"ಅಮ್ಮ ಬಟ್ಟೆ ಬುಟ್ಟಿ ಹಿಡ್ಕೊಂಡು ಮೇಲಿನ ಮೆಟ್ಟಿಲಲ್ಲಿ ನಿಂತಿದ್ರು. ನಾನು ಬಾಗಿಲ ಹತ್ರ ಇದ್ದೆ. ಆಮೇಲೆ..."

ಹಿಂದಿನ ಬೆಂಚಿನಲ್ಲಿ ಅವನು ಕೆಮ್ಮಿದ.

ನನ್ನ ತಲೆಯ ಮೇಲೆ ಸಣ್ಣ ಗುರುಗುಟ್ಟುವ ಸದ್ದಾಯಿತು. ಕ್ಯಾಮೆರಾ ತಿರುಗುತ್ತಿತ್ತು. ಚೌಕದಲ್ಲಿ ನ್ಯಾಯಾಧೀಶರು ಜಾರಿಹೋದರು, ಕಂಬ ಬಂತು, ವಕೀಲರ ಭುಜ ಬಂತು, ಅವನ ಮುಖ ಬಂತು. ಅದು ತಾನೇ ಹತ್ತಿರಕ್ಕೂ ಎಳೆದುಕೊಂಡಿತು. ಅವನು ಕ್ಯಾಮೆರಾವನ್ನೇ ನೋಡುತ್ತಿದ್ದ. ಏನಾಗಿದೆಯೆಂದು ಅವನಿಗೆ ಗೊತ್ತಾಯಿತು, ನಾನು ಪ್ರಮಾಣ ಮಾಡಿ ಹೇಳುತ್ತೇನೆ. ಅವನು ಮತ್ತೊಮ್ಮೆ ಕೆಮ್ಮಿದ. ಈ ಸಲ ಅದು ತಾನಾಗಿ ಬಂದ ಕೆಮ್ಮಲ್ಲ.

ಪರದೆಯಲ್ಲಿ ಹುಡುಗಿಯ ಬಾಯಿ ತೆರೆದೇ ಇತ್ತು, ದನಿಯಿಲ್ಲ. ಅಷ್ಟರಲ್ಲಿ ಪರದೆಯ ಕೆಳಗಿನ ಅರ್ಧ ಕಪ್ಪಾಯಿತು. ನೋಡಿದರೆ ಒಂದು ತಲೆಯ ಹಿಂಭಾಗ, ಕ್ಲಿಪ್ಪು ಹಾಕಿದ ಕೂದಲು. ಗಾಬರಿ ಟಿವಿಗೆ ಬೆನ್ನು ಕೊಟ್ಟು, ಎರಡು ಕೈಯನ್ನೂ ಅಗಲಿಸಿ ಹುಡುಗಿಯ ಎದುರು ನಿಂತಿದ್ದಳು.

"ಯಾರದು ಅಡ್ಡ ನಿಂತಿರೋದು?" ಎಂದರು ನ್ಯಾಯಾಧೀಶರು.

"ನಾನು ಮೇಡಂ, ಕ್ಯಾಮೆರಾದವಳು." ದನಿ ಗಡಗಡ ನಡುಗುತ್ತಿತ್ತು. "ಟಿವಿ ಆಫ್ ಮಾಡಿದ್ರೆ ನಿಮ್ಮ ಮಾತೂ ಕೇಳಿಸಲ್ಲ. ಮಗು ನನ್ನ ಬಟ್ಟೆ ಹಿಡ್ಕೊಂಡಿದೆ, ಬಿಡ್ತಿಲ್ಲ. ನಾನು ಹೀಗೇ ನಿಂತಿರ್ತೀನಿ. ನೀವು ಕೇಳಿ."

ಆರೋಪಿಯ ವಕೀಲರು ಎದ್ದು ಆಕ್ಷೇಪ ಎಂದರು. ಕ್ಯಾಮೆರಾ ಅವರತ್ತ ತಿರುಗಿತು. ನ್ಯಾಯಾಧೀಶರು ಅವರನ್ನು ಕೂರಿಸಿ, ಆರೋಪಿಯನ್ನು ಕಂಬದ ಹಿಂದಕ್ಕೆ ಸರಿಸಲು ಪೊಲೀಸರಿಗೆ ಹೇಳಿ, ನನಗೆ ಇದೆಲ್ಲವನ್ನೂ ದಾಖಲಿಸಲು ಹೇಳಿದರು. ನಾನು ಟೈಪು ಮಾಡಿದೆ. ಹುಡುಗಿ ಗಾಬರಿಯ ಮುಖವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಏನಿತ್ತೋ ನನಗೆ ಕಾಣಲಿಲ್ಲ. ಧೈರ್ಯವಂತೂ ಇದ್ದಿರಲಾರದು.

"ಚಿಕ್ಕಪ್ಪ ಹಿಂದಿನಿಂದ ಬಂದ್ರು," ಎಂದಳು ಹುಡುಗಿ. "ಅಮ್ಮಂಗೆ ಗೊತ್ತಾಗಲಿಲ್ಲ. ಎರಡೂ ಕೈಯಲ್ಲಿ ತಳ್ಳಿದ್ರು."

ಉಳಿದದ್ದನ್ನೂ ಹೇಳಿದಳು. ನಾನು ಒಂದಕ್ಷರ ಬಿಡದೆ ಟೈಪು ಮಾಡಿದೆ.

ಮುಗಿದ ಮೇಲೆ ಹೇಳಿಕೆಯ ಹಾಳೆ ಹಿಡಿದು ಸಣ್ಣ ಕೋಣೆಗೆ ಹೋದೆ. ಟಿವಿ ಆರಿತ್ತು. ಅವಳು ಇನ್ನೂ ಅದಕ್ಕೆ ಬೆನ್ನು ಕೊಟ್ಟೇ ನಿಂತಿದ್ದಳು, ಕೈ ಇಳಿಸಿರಲಿಲ್ಲ.

"ಮುಗೀತಮ್ಮ, ಕೂತ್ಕೋ. ಪ್ಲಗ್ ಕಿತ್ತಿದ್ದು ನಾನೇ ಅಂತ ಮೇಡಂಗೆ ಹೇಳಿ ಬಂದೆ," ಎಂದೆ.

ಅದು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ. "ಅವನು ಹೋದನಾ ಅಣ್ಣ? ನೋಡ್ಕೊಂಡು ಬನ್ನಿ."

ನೋಡಿಕೊಂಡು ಬಂದೆ. ಅವನು ಹೋಗಿರಲಿಲ್ಲ. ಕಾರಿಡಾರಿನ ಆ ತುದಿಯಲ್ಲಿ, ಮೆಟ್ಟಿಲ ತಲೆಯಲ್ಲಿ, ವಕೀಲರ ಜೊತೆ ಮಾತಾಡುತ್ತಾ ನಿಂತಿದ್ದ. ನಾವಿದ್ದದ್ದು ಎರಡನೇ ಮಹಡಿ. ಪೊಲೀಸರನ್ನು ಕರೆದು ತಂದು, ಅವನನ್ನು ಗೋಡೆಯ ಕಡೆ ಸರಿಸಿ ನಿಲ್ಲಿಸಿದೆ. ಲಿಫ್ಟಿನಲ್ಲಿ ಹೋಗೋಣವೆಂದರೆ ಅವತ್ತು ಅದಕ್ಕೂ ಬೀಗ. ಅಜ್ಜಿ ಹುಡುಗಿಯ ಕೈ ಹಿಡಿದು ಹೊರಟರು. ಮೆಟ್ಟಿಲ ಹತ್ತಿರ ಹುಡುಗಿ ನಿಂತುಬಿಟ್ಟಳು. ಕೆಳಗೆ ನೋಡಿದಳು. ಆಮೇಲೆ ಗಾಬರಿಯ ಕಡೆ ತಿರುಗಿದಳು.

"ಆಂಟಿ, ನೀವು ನನ್ನ ಹಿಂದೆ ಬರ್ತೀರಾ?"

ಅವನು ಮೂರು ಮಾರು ದೂರದಲ್ಲಿದ್ದ. ಗಾಬರಿಯ ಮುಖ ಸುಣ್ಣ ಬಳಿದಂತಿತ್ತು.

"ಬರ್ತೀನಿ ಪುಟ್ಟ. ಹಿಂದೇನೇ ಇರ್ತೀನಿ," ಎಂದಳು.

ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಹುಡುಗಿಯ ಹೆಗಲು ಹಿಡಿದು, ಅವಳು ಒಂದೊಂದೇ ಮೆಟ್ಟಿಲು ಇಳಿದಳು.