ಕಾರಿಗೊಂದು ಗುಟುಕು ರಸಾಯನ

ಸೀಸೆಯ ಮೇಲೆ ‘ಬಳಸುವ ಮುನ್ನ ಚೆನ್ನಾಗಿ ಕುಲುಕಿ’ ಎಂದು ಬರೆದಿದ್ದರೆ ನಾನು ಸೋತೆನೆಂದೇ ಅರ್ಥ. ಒಳಗಿರುವುದು ಕೆಮ್ಮಿನ ಔಷಧಿಯೋ, ಕಾರಿನ ಟ್ಯಾಂಕಿಗೆ ಸುರಿಯುವ ದ್ರವವೋ, ನನಗೆ ಭೇದವಿಲ್ಲ. ಕುಲುಕಬೇಕು ಎಂದಮೇಲೆ ತಳದಲ್ಲಿ ಏನೋ ಸತ್ವ ಕೂತಿರಲೇಬೇಕು ಎಂಬುದು ನನ್ನ ನಂಬಿಕೆ. ಈ ನಂಬಿಕೆಯ ಮೇಲೆ ಜೆ.ಸಿ. ರಸ್ತೆಯ ಎಷ್ಟು ಕಾರುಸಾಮಾನಿನ ಅಂಗಡಿಗಳು ಬದುಕಿದವೋ ಆ ದೇವರಿಗೇ ಗೊತ್ತು.

ಕಾಲೇಜಿನಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದವನಿಗೆ ಕಾರಿನ ವೈದ್ಯ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ನನ್ನ ಹೆಂಡತಿ ವನಜ ಅದನ್ನು ದಿನಾ ಕೇಳುತ್ತಿದ್ದಳು. ಉತ್ತರ ಇಷ್ಟೇ: ನಮ್ಮ ಪದ್ಮನಾಭನಗರದ ಮನೆಯ ಮುಂದೆ ನಿಂತಿದ್ದ ಆ ಕೆನೆಬಣ್ಣದ ಹಳೆಯ ಕಾರನ್ನು ಕಂಡರೆ ನನಗೆ ಪ್ರಾಣ. ಭಾನುವಾರ ಬೆಳಗಾದರೆ ಹರಕು ಬನಿಯನ್ನು, ಮಡಿಚಿ ಕಟ್ಟಿದ ಪಂಚೆ, ಕೈಯಲ್ಲಿ ಸವೆದ ಹಲ್ಲುಜ್ಜುವ ಬ್ರಷ್ಷು. ಪ್ಲಗ್ ಬಿಚ್ಚಿ ಮಸಿ ಉಜ್ಜುವುದು, ಬ್ಯಾಟರಿಗೆ ನೀರು ಕುಡಿಸುವುದು, ಆಮೇಲೆ ಬಿಚ್ಚಿದ್ದೆಲ್ಲ ಹಾಕಿದ ಮೇಲೂ ಒಂದು ನಟ್ಟು ಉಳಿದದ್ದನ್ನು ಯಾರಿಗೂ ಕಾಣದಂತೆ ಜೇಬಿಗೆ ಇಳಿಸುವುದು. ಬಾನೆಟ್ ಎತ್ತಿದ ಕಾರು ನಮ್ಮ ಕಡೆ ಜಗಲಿ ಇದ್ದ ಹಾಗೆ. ಹಾಲು ತರಲು ಹೊರಟವರು, ವಾಕಿಂಗ್ ಮುಗಿಸಿದವರು ಎಲ್ಲರೂ ನಿಂತು ಒಳಗೆ ಬಗ್ಗಿ ನೋಡಿ ಒಂದು ಸಲಹೆ ಕೊಟ್ಟೇ ಮುಂದೆ ಹೋಗುತ್ತಿದ್ದರು.

ಆಗ ಸೀಸವಿಲ್ಲದ ಪೆಟ್ರೋಲು ಬಂದ ಹೊಸತು. ಊರಿನ ಗಾಳಿಗೆ ಒಳ್ಳೆಯದಂತೆ, ಸಂತೋಷ. ಆದರೆ ಹಳೇ ಎಂಜಿನ್ನುಗಳ ವಾಲ್ವಿಗೆ ಸೀಸವೇ ಜಿಡ್ಡು, ಅದಿಲ್ಲದಿದ್ದರೆ ಸವೆದುಹೋಗುತ್ತವೆ ಎಂಬ ಸುದ್ದಿ ಹಬ್ಬಿತು. ನನ್ನ ನಿದ್ದೆ ಹಾರಿತು. ಊಟಕ್ಕೆ ಕೂತರೆ ಅದೇ ಮಾತು. ಆಯುರ್ವೇದದ ಎಂಟು ಅಂಗಗಳಲ್ಲಿ ರಸಾಯನವೂ ಒಂದು, ಅದು ರೋಗಿಗಲ್ಲ, ಮುಪ್ಪು ಬಾರದಿರಲೆಂದು ಗಟ್ಟಿಮುಟ್ಟಾಗಿರುವವರಿಗೇ ಕೊಡುವುದು, ಹಾಗೆಯೇ ಪೆಟ್ರೋಲಿಗೂ ಒಂದು ರಸಾಯನ ಬೆರೆಸಬೇಕು ಎಂದು ನಾನು ಹುಳಿಯನ್ನ ಆರುವವರೆಗೂ ವಿವರಿಸುತ್ತಿದ್ದೆ. ವನಜ ಗೋಡೆ ನೋಡುತ್ತ ಊಟ ಮುಗಿಸುತ್ತಿದ್ದಳು. “ರೀ, ಮಜ್ಜಿಗೆ ಹಾಕ್ಲಾ? ಆ ಡಬ್ಬಾನ ಮಾರಿಬಿಡಿ ಅಂದ್ರೆ ಕೇಳಲ್ಲ” ಎಂದು ಏಳುತ್ತಿದ್ದಳು. ಮಹಡಿ ಮೇಲೆ ಬಾಡಿಗೆಗಿದ್ದ ಗದಗಿನ ಪಾಟೀಲ ಮಾತ್ರ ಮರ್ಯಾದಸ್ಥ. ನಾನು ಹೇಳಿದ್ದಕ್ಕೆಲ್ಲ “ಹೌದ್ರೀ ಸರ್” ಎನ್ನುತ್ತಿದ್ದ. ಅದಕ್ಕೇ ಅವನ ಮೇಲೆ ನನಗೆ ವಿಶೇಷ ಪ್ರೀತಿ.

ಅಷ್ಟರಲ್ಲಿ ಕಾರಿಗೆ ಹದಿನೈದು ವರ್ಷ ತುಂಬಿತು. ಹದಿನೈದಾದ ಗಾಡಿಯನ್ನು ಸಾರಿಗೆ ಕಚೇರಿಯ ಇನ್ಸ್‌ಪೆಕ್ಟರಿಗೆ ತೋರಿಸಿ, ಅವರು ಒಪ್ಪಿದರಷ್ಟೇ ಇನ್ನೈದು ವರ್ಷ ಆಯುಸ್ಸು. ವನಜ ಕರಾರು ಹಾಕಿದಳು. “ಅವರು ಆಗಲ್ಲ ಅಂದ್ರೆ ಅಲ್ಲಿಂದಲೇ ಗುಜರಿಗೆ. ಆಮೇಲೆ ಒಂದು ಮಾತೂ ಆಡೋ ಹಾಗಿಲ್ಲ.” ನಾನು ಸರಿ ಎಂದೆ. ಅಂದು ಊಟ ಸೇರಲಿಲ್ಲ.

ತೋರಿಸುವ ದಿನದ ಹಿಂದಿನ ಸಂಜೆ ಹೊಸ ಸೀಸೆ ತಂದು, ಶಾಸ್ತ್ರೋಕ್ತವಾಗಿ ಕುಲುಕಿ, ಟ್ಯಾಂಕಿಗೆ ಪೂರ್ತಿ ಸುರಿದೆ. ಪೆಟ್ರೋಲು ತಳದಲ್ಲಷ್ಟೇ ಇತ್ತು. ಉಳಿಯುತ್ತದೋ ಇಲ್ಲವೋ ಎಂಬ ಗಾಡಿಗೆ ಟ್ಯಾಂಕ್ ತುಂಬಿಸಲು ಯಾರಿಗೆ ಕೈ ಬರುತ್ತದೆ, ಹೇಳಿ.

ಬೆಳಿಗ್ಗೆ ಕೀಲಿ ತಿರುಗಿಸಿದೆ. ಎಂಜಿನ್ನು ಒಮ್ಮೆ ಕೆಮ್ಮಿ ಹತ್ತಿಕೊಂಡಿತು. ಹಿಂದಿನಿಂದ ಹೊಗೆ ಬಂತು ನೋಡಿ! ನೀಲಿ ಹೊಗೆ, ದಪ್ಪ ಹೊಗೆ, ಬೀದಿ ಈ ತುದಿಯಿಂದ ಆ ತುದಿವರೆಗೆ ಮುಚ್ಚಿಹೋಯಿತು. ಎದುರುಮನೆ ಸಾವಿತ್ರಮ್ಮ ಕಾಂಪೌಂಡಿನಿಂದ ಕೂಗಿದರು. “ಸೊಳ್ಳೆ ಹೊಗೆ ಹಾಕೋರು ಬಂದಿದಾರೆ! ಎಲ್ರೂ ಕಿಟಕಿ ಹಾಕ್ಕೊಳ್ರಮ್ಮಾ!” ಪಟಪಟನೆ ಕಿಟಕಿಗಳು ಮುಚ್ಚಿದವು. ಯಾರೋ ಮಹಾನುಭಾವರು ಕಣ್ಣೊರೆಸಿಕೊಂಡು ಬಂದು, “ಚರಂಡಿ ಕಡೆಗೂ ಸ್ವಲ್ಪ ಬಿಡಿ ಸಾರ್, ಅಲ್ಲೇ ಜಾಸ್ತಿ” ಎಂದು ಕೇಳಿಕೊಂಡರು.

ನನಗೆ ಅಳು ಬರುವುದೊಂದು ಬಾಕಿ. ಈ ಹೊಗೆ ಹೊತ್ತುಕೊಂಡು ಹೋದರೆ ಇನ್ಸ್‌ಪೆಕ್ಟರು ಗೇಟಿನೊಳಗೂ ಬಿಡುವುದಿಲ್ಲ. ಸ್ಟಿಯರಿಂಗ್ ಹಿಡಿದು ಹಾಗೇ ಕೂತೆ. ಅಷ್ಟರಲ್ಲಿ ಪಾಟೀಲ ಮೆಟ್ಟಿಲಿಳಿದು ಬಂದು, ಕಿಟಕಿಯ ಹತ್ತಿರ ತಲೆ ತಗ್ಗಿಸಿ ನಿಂತ.

“ಸರ್, ಸಿಟ್ಟ್ ಆಗಬ್ಯಾಡ್ರೀ. ನಿನ್ನಿ ನಾನೂ ಸ್ವಲ್ಪ್ ಎಣ್ಣಿ ಹಾಕೀನ್ರೀ. ಸ್ಕೂಟರಿಗೆ ಹಾಕ್ತಾರಲ್ರೀ, ಟೂ-ಟಿ, ಅದು. ಒಂದ್ ಪಾಕೀಟು. ವಾಲ್ವ್ ಸವೀತಾವಂತ ನೀವು ಅಂದಾಗಿಂದ ನನಗೂ ಹೆದರಿಕಿ ಹತ್ತಿತ್ರೀ.”

ಬೈಯಲು ಬಾಯಿ ತೆರೆದವನು ಅವನ ಮುಖ ನೋಡಿ ಮುಚ್ಚಿದೆ. ಕೂಡುಕುಟುಂಬದಲ್ಲಿ ಬೆಳೆದವನು ನಾನು. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಎಂದು ಅಜ್ಜಿ ಒಂದು ಚಿಟಿಕೆ, ಅತ್ತೆ ಒಂದು ಚಿಟಿಕೆ, ಅಮ್ಮ ಒಂದು ಚಿಟಿಕೆ ಹಾಕಿ, ಕೊನೆಗೆ ಸಾರು ಸಮುದ್ರವಾದದ್ದನ್ನು ಎಷ್ಟೋ ಸಲ ಉಂಡಿದ್ದೇನೆ. ಅಲ್ಲಿ ತಪ್ಪು ಯಾರದು? ಎಲ್ಲರಿಗೂ ಮನೆಯವರ ಊಟದ್ದೇ ಕಾಳಜಿ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಕಟ್ಟಿದವನೂ ಇಂಥದೇ ಮನೆಯಲ್ಲಿ ಉಂಡಿರಬೇಕು.

ಟ್ಯಾಂಕ್ ಬರಿದು ಮಾಡುವುದೊಂದೇ ದಾರಿ. ಪಾಟೀಲ ಕಾರಿನ ಕೆಳಗೆ ತೂರಿ ಪೈಪು ಬಿಚ್ಚಿದ, ನಾನು ಕ್ಯಾನ್ ಹಿಡಿದೆ. ವನಜ ಒಂದು ಮಾತೂ ಆಡದೆ ಅಡಿಗೆಮನೆಯ ಆಲಿಕೆ ತಂದುಕೊಟ್ಟಳು. ಅದೊಂದು ಆಶ್ಚರ್ಯ. ತಾನು ಕೆಲಸ ಮಾಡುವ ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ, ತನ್ನ ಮೊಪೆಡ್ಡನ್ನು ಒಳಗೆ ತಳ್ಳಿ ಬಂದು ಮುಂದಿನ ಸೀಟಿನಲ್ಲಿ ಕೂತದ್ದು ಇನ್ನೊಂದು. ಗುಜರಿಗೆ ಸಾಗಿಸಲು ಸಾಕ್ಷಿಯಾಗಿ ಬರುತ್ತಿದ್ದಾಳೆ ಎಂದುಕೊಂಡೆ. ಹೊಸ ಪೆಟ್ರೋಲು ಹಾಕಿಸಿ, ಒಳಗೆ ಉಳಿದ ಜಿಡ್ಡು ಉರಿದುಹೋಗಲಿ ಎಂದು ಕತ್ರಿಗುಪ್ಪೆ ಸುತ್ತಿ, ಬನಶಂಕರಿ ಸುತ್ತಿ ಹೊರಟೆವು. ವನಜ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಹಿಂದೆ ನೋಡುತ್ತ, “ಇನ್ನೂ ಇದೆ... ಇನ್ನೂ ಸ್ವಲ್ಪ ಇದೆ... ಈಗ ಇಲ್ಲ ರೀ, ನಿಂತ್ಹೋಯ್ತು!” ಎಂದು ಹೇಳುತ್ತಲೇ ಇದ್ದಳು.

ಇನ್ಸ್‌ಪೆಕ್ಟರು ಲೈಟು ಹಾಕಿಸಿದರು, ಹಾರ್ನ್ ಹೊಡೆಸಿದರು. ಪೆನ್ಸಿಲ್ ಉಜ್ಜಿ ಚಾಸಿ ನಂಬರಿನ ಅಚ್ಚು ತೆಗೆಸಿದರು. ಎಂಜಿನ್ನು ಓಡುವಾಗ ಹಿಂದೆ ಹೋಗಿ ನಿಂತು ಹೊಗೆ ನೋಡಿದರು. “ಚೆನ್ನಾಗೇ ಇಟ್ಕೊಂಡಿದೀರಲ್ಲ ಸಾರ್” ಎಂದು ರುಜು ಹಾಕಿದರು.

ವಾಪಸಾಗುವಾಗ ದರ್ಶಿನಿಯೊಂದರ ಮುಂದೆ ನಿಂತು ಬೈ-ಟೂ ಕಾಫಿ ತೆಗೆದುಕೊಂಡೆವು. ಸಂತೋಷಕ್ಕೆ ನನ್ನ ನಾಲಿಗೆ ನಿಲ್ಲಬೇಕಲ್ಲ! “ಅಲ್ಲಾ ವನಜ, ಒಂದು ಪಾಕೀಟು ಎಣ್ಣೆಗೆ ಅಷ್ಟು ಹೊಗೆ ಬರುತ್ತಾ? ನನಗೇನೋ ಲೆಕ್ಕ ಸರಿಹೋಗ್ತಿಲ್ಲ.”

ವನಜ ಕಾಫಿ ಲೋಟದ ಒಳಗೇ ನೋಡುತ್ತ ಹೇಳಿದಳು. “ನನ್ನ ಮೊಪೆಡ್ಡಿಗೆ ಅಂತ ಅದೇ ಎಣ್ಣೆ ಪಾಕೀಟು ತಂದಿಟ್ಟಿದ್ನಲ್ಲ... ಎಲ್ಲಾ ಹಾಕ್ಬಿಟ್ಟೆ.”

“ನೀನಾ! ಮಾರಿಬಿಡಿ ಮಾರಿಬಿಡಿ ಅಂತಿದ್ದೆ?”

“ನಾನು ಬೈಯೋದು ಬೇರೆ ರೀ. ಯಾರೋ ಹೊರಗಿನವರು ನೋಡಿ, ಇದು ಬೇಡ ಅಂದ್ಬಿಟ್ರೆ? ನಿಮ್ಮ ಮುಖ ನನ್ನ ಕೈಲಿ ನೋಡಕ್ಕಾಗ್ತಿತ್ತಾ?”

ಇಷ್ಟು ವರ್ಷದ ಪಾಠದಲ್ಲಿ, ಹಿಂದಿನ ಬೆಂಚಿನವಳೆಂದು ನಾನು ಕೈಬಿಟ್ಟಿದ್ದವಳು ಒಂದು ಅಕ್ಷರ ಬಿಡದೆ ಕೇಳಿಸಿಕೊಂಡಿದ್ದಳು. ಆದರೂ ಗಂಡಸಲ್ಲವೇ, ಬಿಗುಮಾನ. “ಹಾಕೋ ಮೊದಲು ಒಂದು ಮಾತು ಹೇಳಬಾರ್ದಿತ್ತಾ?” ಎಂದೆ.

“ಹೇಳಿದ್ರೆ ನಿಮ್ಮನ್ನ ಹಿಡಿಯೋರೇ ಇರ್ತಿರ್ಲಿಲ್ಲ” ಎಂದು ಅವಳು ಲೋಟ ಕೆಳಗಿಟ್ಟು, ಕಾರಿನ ಬಾಗಿಲು ತೆಗೆದು ಕೂತಳು.