ಕ್ಯಾಮೆರಾದ ಕಣ್ಣಿನ ಪೊರೆ

ಮದುವೆಯಾದ ಮೇಲೆ ನಾನು ನನಗಾಗಿ ಕೊಂಡ ಮೊದಲ ವಸ್ತು ಆ ಡಿಜಿಟಲ್ ಕ್ಯಾಮೆರಾ. 'ನನಗಾಗಿ' ಎಂಬುದು ನನ್ನ ತಿಳುವಳಿಕೆ ಅಷ್ಟೇ. ಹೆಂಡತಿಯ ಪ್ರಕಾರ ಅದು ಹುಕ್ಕೇರಿಯ ಅವಳ ತವರಿನ ಬಸುರಿಯರ ಕುಬಸ, ತೊಟ್ಟಿಲು, ನಿಶ್ಚಿತಾರ್ಥಗಳಿಗಾಗಿ ಬಂದದ್ದು. ಗೋಕಾಕದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ನನಗೋ ಆಕಾಶದ ಫೋಟೋ ತೆಗೆಯುವ ಹುಚ್ಚು.

ಮಸಗುಪ್ಪಿಯ ಗೆಳೆಯನ ಹೊಲದಲ್ಲಿ ನಿಂತು ಮಹಾವ್ಯಾಧ ನಕ್ಷತ್ರಪುಂಜದ ಫೋಟೋ ತೆಗೆದೆ. ಪುಸ್ತಕಗಳಲ್ಲಿ ಅದರ ನಡುಪಟ್ಟಿಯ ಸುತ್ತ ಕೆಂಪು ಮೋಡ ಹರಡಿರುತ್ತದೆ. ನನ್ನ ಫೋಟೋದಲ್ಲಿ ಇದ್ದದ್ದು ಮೂರು ಬಿಳಿ ಚುಕ್ಕಿ ಮತ್ತು ಒಂದು ಸೊಳ್ಳೆ. ಸೈಬರ್ ಕೆಫೆಯಲ್ಲಿ ಕೂತು ಹುಡುಕಿದಾಗ ಕಾರಣ ಸಿಕ್ಕಿತು. ಕ್ಯಾಮೆರಾದ ಸೆನ್ಸರ್ ಮುಂದೆ ಒಂದು ನೀಲಿ ಛಾಯೆಯ ಗಾಜಿನ ಚೂರು ಇರುತ್ತದಂತೆ. ಆ ಗಾಢ ಕೆಂಪನ್ನು ಅದೇ ತಡೆಯುತ್ತದಂತೆ. ಅದನ್ನು ತೆಗೆದು, ಫೋಕಸ್ ತಪ್ಪದಂತೆ ಬರೀ ಗಾಜು ಕೂರಿಸಿದರೆ ಆಯಿತು. ಬರೆದವನು 'ಬಹಳ ಸುಲಭ' ಎಂದಿದ್ದ. ಅವನಿಗೆ ಹೆಂಡತಿ ಇದ್ದಂತಿಲ್ಲ.

ಲ್ಯಾಬಿನ ಸೂಕ್ಷ್ಮದರ್ಶಕದ ಒಂದು ಗಾಜಿನ ಪಟ್ಟಿಯನ್ನು ಪೇಟೆಯ ಚಷ್ಮಾ ಅಂಗಡಿಗೆ ಒಯ್ದು, ಇಷ್ಟಗಲ ಕತ್ತರಿಸಿಕೊಡಿ ಎಂದೆ.

"ನಂಬರ ಎಷ್ಟ್ರಿ ಸರ?" ಎಂದ ಅಂಗಡಿಯವನು.

"ನಂಬರ ಏನೂ ಇಲ್ಲ."

"ಇಷ್ಟ ಸಣ್ಣ ಚಷ್ಮಾ ಯಾರಿಗ್ರಿ?"

"ಕ್ಯಾಮೆರಾಕ್ಕ."

ಅವನು ತಕ್ಷಣ ಕತ್ತರಿಸಿಕೊಟ್ಟ. ಪ್ರಾಧ್ಯಾಪಕರ ಬಗ್ಗೆ ಅವನಿಗೆ ಮೊದಲೇ ಒಂದು ಅಭಿಪ್ರಾಯ ಇದ್ದಿರಬೇಕು.

ರವಿವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಶಸ್ತ್ರಚಿಕಿತ್ಸೆ ಶುರುವಾಯಿತು. ಬಿಚ್ಚಿದ ಸ್ಕ್ರೂಗಳು ಅದಲುಬದಲಾಗದಂತೆ ಇಡ್ಲಿ ತಟ್ಟೆಯ ಕುಳಿಗಳಲ್ಲಿ ಇಡುತ್ತ ಹೋದೆ. ಬ್ಯಾಟರಿ ತೆಗೆದಿದ್ದೇನಲ್ಲ ಎಂಬ ಧೈರ್ಯದಲ್ಲಿ ಒಳಗೆ ಬೆರಳು ಹಾಕಿದ್ದೇ ತಡ, ಇನ್ನೂ ಕರೆಂಟು ಹಿಡಿದಿಟ್ಟುಕೊಂಡಿದ್ದ ಫ್ಲಾಶಿನ ಕೆಪಾಸಿಟರ್ ಝಾಡಿಸಿತು. ಇಪ್ಪತ್ತು ಬ್ಯಾಚಿನ ಹುಡುಗರಿಗೆ ಕೆಪಾಸಿಟರ್ ಪಾಠ ಮಾಡಿದವನು ಕುರ್ಚಿಸಮೇತ ಹಿಂದಕ್ಕೆ ಬಿದ್ದೆ.

ಒಳಗಿನಿಂದ ಹೆಂಡತಿ ಓಡಿ ಬಂದಳು. "ಏನಾತ್ರಿ? ನಕ್ಷತ್ರ ಕಂಡ್ವೇನ್ರಿ?"

ಕಂಡಿದ್ದವು.

ಸಂಜೆಯ ಹೊತ್ತಿಗೆ ಗಾಜು ಕೂತಿತು, ಕ್ಯಾಮೆರಾ ಮತ್ತೆ ಮಾತಾಡಿತು. ಒಂದು ಸ್ಕ್ರೂ ಉಳಿಯಿತು. ಅದು ಕಂಪನಿಯವರು ಹೆಚ್ಚಿಗೆ ಹಾಕಿದ್ದೆಂದು ತೀರ್ಮಾನಿಸಿದೆ. "ಇನ್ನ ಇದು ಆಕಾಶಕ್ಕಷ್ಟ. ಹಗಲ ಫೋಟೋ ಎಲ್ಲಾ ಕೆಂಪ ಬರ್ತಾವು," ಎಂದು ಹೆಂಡತಿಗೆ ಸ್ಪಷ್ಟವಾಗಿ ಹೇಳಿದೆ. ಅವಳು "ಹೂಂ" ಅಂದಳು. ಟಿವಿಯಲ್ಲಿ ಧಾರಾವಾಹಿ ನಡೆದಿತ್ತು.

ಮುಂದಿನ ವಾರ ನಾನು ಪರೀಕ್ಷೆಯ ಕೆಲಸಕ್ಕೆ ಹೋಗಿದ್ದಾಗ ಹುಕ್ಕೇರಿಯಿಂದ ಮಾವನವರು ಬಂದು ಕ್ಯಾಮೆರಾ ಒಯ್ದರು. ಅವರದು ಸೀರೆ, ಅರಿವಿಯ ಅಂಗಡಿ. ಮಗನಿಗೆ ಹೆಣ್ಣು ನೋಡುತ್ತಿದ್ದರು. ಹುಡುಗಿಯ ಮನೆಗೆ ಫೋಟೋ ಕಳಿಸಬೇಕಿತ್ತು. ಕರಿ ಸೂಟು ತೊಡಿಸಿ, ಹಿತ್ತಲ ಮಾವಿನ ಗಿಡದ ಮುಂದೆ ನಿಲ್ಲಿಸಿ, ಅವರೇ ತೆಗೆದರು. ಬಿಸಿಲಿಗೆ ಕ್ಯಾಮೆರಾದ ಪರದೆಯಲ್ಲಿ ಬಣ್ಣ ಕಾಣಲಿಲ್ಲವಂತೆ. ಸ್ಟುಡಿಯೋದವನು ಹೊಸ ಫ್ಯಾಷನ್ ಇದ್ದೀತೆಂದು ಹಾಗೇ ಪ್ರಿಂಟ್ ಹಾಕಿದ. ಲಕೋಟೆ ನೇರ ಹುಡುಗಿಯ ಮನೆಗೆ ಹೋಯಿತು.

ಮನೆಯಲ್ಲುಳಿದ ಇನ್ನೊಂದು ಪ್ರತಿಯನ್ನು ನೋಡಿ "ಅಗ ಬಾಯಿ!" ಎಂದು ಅತ್ತೆ ಮರಾಠಿಯಲ್ಲಿ ಕೂಗಿದರಂತೆ. ಮಗನ ಸೂಟು ಬೀಟ್‌ರೂಟ್ ಬಣ್ಣ. ಮುಖ ಗುಲಾಲು ಎರಚಿದಂತೆ. ಹಿಂದಿನ ಮಾವಿನ ಗಿಡ ಬಾಂಬೆ ಮಿಠಾಯಿ. ಮಾವನವರು ಫೋನಿನಲ್ಲಿ ನನಗೆ ಹೇಳಿದ್ದು ಒಂದೇ ಮಾತು: "ಸೈನ್ಸ್ ಕಲಿತವರಿಗೆ ಮಗಳನ್ನ ಕೊಡಬಾರದಿತ್ತು."

ಆದರೂ ಹುಡುಗಿಯ ಕಡೆಯವರು ಅವಳನ್ನೂ ಕರೆದುಕೊಂಡು ಹುಕ್ಕೇರಿಗೆ ಬಂದರು. ನಾವೂ ಹೋಗಿದ್ದೆವು. ಚಹಾ, ಚೂಡಾ ಆಯಿತು. ಎಲ್ಲರೂ ಗಂಭೀರವಾಗಿ ಕೂತಿದ್ದಾಗ ಹುಡುಗಿ ನನ್ನ ಭಾವಮೈದುನನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀವು ನೋಡಾಕ ಬ್ಯಾರೇನ ಅದೀರಿ. ಆ ಕೆಂಪ ಕೋಟ ಎಲ್ಲಿ ಹೋತ್ರಿ?" ಎಂದಳು.

"ಅದು ನಮ್ಮ ಮಾಮಾ ಬಿಚ್ಚಿದ ಕ್ಯಾಮೆರಾದಾಗ ಐತ್ರಿ," ಎಂದ ಅವನು ನನ್ನತ್ತ ಕೈ ಮಾಡಿ.

ಅವಳು ನಕ್ಕಳು. ಅವನೂ ನಕ್ಕ. ಹತ್ತಾರು ಹೆಣ್ಣು ನೋಡಿ ಎಲ್ಲೂ ಬಾಯಿ ಬಿಡದ ಹುಡುಗ ಅವಳಿಗೆ ಸೆನ್ಸರಿನ ಕತೆಯನ್ನು ಪೂರಾ ತಪ್ಪಾಗಿ ವಿವರಿಸತೊಡಗಿದ. ತಿದ್ದಲು ಹೋದ ನನ್ನ ಕಾಲನ್ನು ಹೆಂಡತಿ ತುಳಿದಳು. ಅಂದೇ ಸಂಬಂಧ ಗಟ್ಟಿಯಾಯಿತು. ಎಲ್ಲವೂ ತಾವು ನೋಡಿಸಿದ ಜಾತಕದ ಪ್ರಭಾವ ಎಂದು ಮಾವನವರು ಊರೆಲ್ಲ ಹೇಳಿದರು. ಮದುವೆಗೆ ನಾನು ಕ್ಯಾಮೆರಾ ತರಕೂಡದೆಂದು ತಾಕೀತೂ ಆಯಿತು. ನಾನು ಬಹಳ ದುಃಖಪಟ್ಟವನಂತೆ ಮುಖ ಮಾಡಿ, ಮದುವೆಯ ದಿನ ಎರಡು ಸಲ ಜಿಲೇಬಿ ಹಾಕಿಸಿಕೊಂಡು ಉಂಡೆ.

ಆ ಚಳಿಗಾಲ ಮಸಗುಪ್ಪಿಯ ಹೊಲಕ್ಕೆ ಹೆಂಡತಿಯೂ ಬಂದಳು. ಕತ್ತಲಾಗಿ ತುಸು ಹೊತ್ತಿಗೆಲ್ಲ ಮಹಾವ್ಯಾಧ ಕಬ್ಬಿನ ಮೇಲೆ ಎದ್ದಿದ್ದ. ಹಲವು ಫೋಟೋ ತೆಗೆದು, ಮನೆಯಲ್ಲಿ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದಾಗ ನಡುಪಟ್ಟಿಯ ಪಕ್ಕ ಮೆಲ್ಲಗೆ ಕೆಂಪು ಮೂಡಿತು. ಹೆಂಡತಿ ಬಹಳ ಹೊತ್ತು ನೋಡಿ, "ಖರೇನ ಐತಲ್ರಿ," ಎಂದಳು. ಅಲ್ಲಿಯವರೆಗೆ ನಾನು ಹೇಳಿದ್ದನ್ನೆಲ್ಲ ಸುಳ್ಳೆಂದೇ ತಿಳಿದಿದ್ದಳು ಎಂಬುದು ಆಗ ಗೊತ್ತಾಯಿತು.

ಮಾವನವರು ಬಂದಾಗ ದೊಡ್ಡ ಪ್ರಿಂಟ್ ತೋರಿಸಿದೆ. ತಿರುಗಿಸಿ, ಮುರುಗಿಸಿ ನೋಡಿದರು.

"ಯಾರೋ ಎಲಿ ಅಡಕಿ ಉಗುಳಿದ್ಹಂಗ ಐತಿ. ಇಷ್ಟಕ್ಕ ಕ್ಯಾಮೆರಾ ಕೆಡಿಸಿದ್ರೇನು?"

ಮರುದಿನವೇ ಅದಕ್ಕೆ ಕಟ್ಟು ಹಾಕಿಸಿ, ಅವರು ಬಂದರೆ ಕೂಡುವ ಕುರ್ಚಿಯ ಎದುರಿನ ಗೋಡೆಗೇ ತೂಗುಹಾಕಿದೆ.